ಗೂಢಚಾರಿಣಿ ಹೆಸರು ಬಾಯ್ಬಿಟ್ಟಿದ್ದು ಒಬ್ರು, ಶಿಕ್ಷೆ ಆಗಿದ್ದು ಇನ್ನೊಬ್ರಿಗೆ: ವ್ಯಾಲೆರಿ ಪ್ಲೇಮ್ ಕೇಸ್ ಯಾರಾದ್ರೂ ಬಿಡಿಸಿ ಹೇಳ್ತೀರಾ?

ತುಂಗಾತೀರ:

ಎಲ್ರಿಗೂ ನಮಸ್ಕಾರ. ಅಮೆರಿಕದ ವ್ಯಾಲೆರಿ ಪ್ಲೇಮ್ ಕೇಸ್ ಬಗ್ಗೆ ಓದ್ತಾ ಇದೀನಿ, ಓದಿದಷ್ಟೂ ತಲೆ ಕೆಡ್ತಿದೆ. ನಂಗೆ ಅರ್ಥ ಆಗಿರೋದು ಇಷ್ಟು. ಸದ್ದಾಂ ಹುಸೇನ್ ಆಫ್ರಿಕಾದ ನೈಜರ್‌ನಿಂದ ಯುರೇನಿಯಂ ತರಿಸೋಕೆ ನೋಡ್ತಿದ್ದಾನೆ ಅಂತ ಒಂದು ಸುದ್ದಿ ಇತ್ತು, ಅದನ್ನ ವಿಚಾರಿಸ್ಕೊಂಡು ಬನ್ನಿ ಅಂತ ಸಿಐಎ 2002ರಲ್ಲಿ ಜೋಸೆಫ್ ವಿಲ್ಸನ್ ಅನ್ನೋ ಮಾಜಿ ರಾಯಭಾರಿನ ಕಳಿಸ್ತು, ಅವ್ರು ಹೋಗ್ಬಂದು ಅಂಥದ್ದೇನೂ ನಡೆದಂಗಿಲ್ಲ ಅಂದ್ರು, ಆದ್ರೂ 2003ರ ಜನವರಿ ಭಾಷಣದಲ್ಲಿ ಬುಷ್ ಬ್ರಿಟಿಷ್ ಸರ್ಕಾರದ ಹೆಸರು ಹೇಳ್ಕೊಂಡು ಅದೇ ಯುರೇನಿಯಂ ಕಥೆ ಎತ್ತಿದ್ರು. ಯುದ್ಧನೂ ಆಯ್ತು. ಜುಲೈ 6ಕ್ಕೆ ವಿಲ್ಸನ್ ನ್ಯೂಯಾರ್ಕ್ ಟೈಮ್ಸಲ್ಲಿ ಲೇಖನ ಬರೆದು ಸರ್ಕಾರದ ಬಂಡವಾಳ ಬಯಲು ಮಾಡಿದ್ರು. ಜುಲೈ 14ಕ್ಕೆ ರಾಬರ್ಟ್ ನೊವಾಕ್ ಅನ್ನೋ ಅಂಕಣಕಾರ, ವಿಲ್ಸನ್ ಹೆಂಡ್ತಿ ವ್ಯಾಲೆರಿ ಪ್ಲೇಮ್ ಸಿಐಎನಲ್ಲಿ ಕೆಲಸ ಮಾಡ್ತಾರೆ, ಅವ್ರೇ ಗಂಡನ್ನ ನೈಜರ್‌ಗೆ ಕಳಿಸೋಕೆ ಹೇಳಿದ್ದು ಅಂತ ಹೆಸರು ಸಮೇತ ಬರೆದ್ಬಿಟ್ರು.

ಈಗ ಪ್ರಶ್ನೆ ಕೇಳಿ. ನೊವಾಕ್‌ಗೆ ಮೊದ್ಲು ಹೇಳಿದ್ದು ರಿಚರ್ಡ್ ಆರ್ಮಿಟೇಜ್, ವಿದೇಶಾಂಗ ಇಲಾಖೆಲಿ ಕಾಲಿನ್ ಪೊವೆಲ್ ನಂತರದ ಸ್ಥಾನದಲ್ಲಿದ್ದವ್ರು. ಹೂಂ ಅಂದಿದ್ದು ವೈಟ್ ಹೌಸಿನ ಕಾರ್ಲ್ ರೋವ್. ಇಬ್ರ ಮೇಲೂ ಕೇಸಿಲ್ಲ. ಬರೆದ ನೊವಾಕ್ ಮೇಲೂ ಇಲ್ಲ. ಇದರ ಬಗ್ಗೆ ಒಂದಕ್ಷರ ಬರೀದೇ ಇದ್ದ ನ್ಯೂಯಾರ್ಕ್ ಟೈಮ್ಸ್ ವರದಿಗಾರ್ತಿ ಜುಡಿತ್ ಮಿಲ್ಲರ್ 85 ದಿನ ಜೈಲಲ್ಲಿ ಕೂತ್ರು. ನೊವಾಕ್‌ಗೆ ಹೇಳದೇ ಇದ್ದ, ಉಪಾಧ್ಯಕ್ಷರ ಕಚೇರಿಯ ಸ್ಕೂಟರ್ ಲಿಬ್ಬಿಗೆ ಶಿಕ್ಷೆ ಆಯ್ತು. ಇದ್ಯಾವ ಸೀಮೆ ಕಾನೂನು? ಗುಪ್ತ ಏಜೆಂಟ್ ಹೆಸರು ಹೇಳೋದು ಅಪರಾಧನಾ ಅಲ್ವಾ, ಅಪರಾಧ ಅಂದ್ರೆ ಯಾರ ತಲೆಗೆ ಬರುತ್ತೆ, ಹೇಳಿದವನಿಗಾ, ಖಚಿತ ಮಾಡಿದವನಿಗಾ, ಛಾಪಿಸಿದವನಿಗಾ? ಗೊತ್ತಿರೋರು ಸ್ವಲ್ಪ ಹೇಳಿ.

ಕರಿಕೋಟು:

ಸಿಟ್ಟು ಬರೋದು ಸಹಜ ಸರ್, ಆದ್ರೆ ಹೆಸರು ಬಾಯಿಂದ ಬಂತು, ಅಪರಾಧ ಆಯ್ತು ಅಂತ ಆ ಕಾಯ್ದೆ ಬರೆದಿಲ್ಲ, ಬೇಕಂತಲೇ ಹಾಗೆ ಬರೆದಿಲ್ಲ. ಅದರ ಹಿಂದಿನ ಕಥೆ ಗೊತ್ತಾದ್ರೆ ಉಳಿದಿದ್ದು ತಾನಾಗೇ ಅರ್ಥ ಆಗುತ್ತೆ.

ಫಿಲಿಪ್ ಏಜೀ ಅಂತ ಒಬ್ಬ ಸಿಐಎ ಬಿಟ್ಟು ಬಂದು 1975ರಲ್ಲಿ ಪುಸ್ತಕ ಬರೆದ, ಅದರಲ್ಲಿ ಏಜೆಂಟರ ಹೆಸರುಗಳ ದೊಡ್ಡ ಪಟ್ಟಿನೇ ಇತ್ತು, ಹೆಸರು ಬಯಲು ಮಾಡೋದೇ ಕಸುಬು ಅನ್ನೋ ಥರದ ಪತ್ರಿಕೆಗಳೂ ಆಗ ಇದ್ವು. ಅದೇ ವರ್ಷ ಡಿಸೆಂಬರ್ 23ಕ್ಕೆ ಏಥೆನ್ಸಲ್ಲಿ ಸಿಐಎ ಸ್ಟೇಷನ್ ಚೀಫ್ (ಅಲ್ಲಿನ ಸಿಐಎ ತಂಡದ ಮುಖ್ಯಸ್ಥ) ರಿಚರ್ಡ್ ವೆಲ್ಚ್ ಅವರನ್ನ ಮನೆ ಮುಂದೆನೇ ಗುಂಡಿಟ್ಟು ಕೊಂದ್ರು. ಅವರ ಹೆಸರು ಅಂಥ ಪತ್ರಿಕೆಲೂ ಬಂದಿತ್ತು, ಏಥೆನ್ಸಿನ ಒಂದು ಪೇಪರಲ್ಲೂ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಹಿಂದಿನ ಸ್ಟೇಷನ್ ಚೀಫ್ ಇದ್ದ ಮನೆಗೇ ಇವ್ರೂ ಹೋಗಿದ್ರು, ಆ ಮನೆ ಯಾರದ್ದು ಅಂತ ಊರಲ್ಲಿ ಗೊತ್ತಿದ್ದ ವಿಷಯ. ಅದೇನೇ ಇರ್ಲಿ, ಪೂರ್ತಿ ಸಿಟ್ಟು ಏಜೀ ಕಡೆ ತಿರುಗ್ತು. ಕೊನೆಗೆ 1982 ಜೂನಲ್ಲಿ ರೇಗನ್ ಸಹಿ ಹಾಕಿದ್ದು ಇಂಟೆಲಿಜೆನ್ಸ್ ಐಡೆಂಟಿಟೀಸ್ ಪ್ರೊಟೆಕ್ಷನ್ ಆಕ್ಟ್.

ಅಂದ್ರೆ ಕಾಯ್ದೆ ಕಣ್ಮುಂದೆ ಇಟ್ಕೊಂಡಿದ್ದು ಏಜೀಯಂಥವರನ್ನ. ಬೇಕು ಬೇಕಂತಲೇ ಹುಡುಕಿ ಹುಡುಕಿ ಹೆಸರು ಹೊರಗೆ ಹಾಕೋರು. ಹಾಗಾಗಿ ಪ್ರಾಸಿಕ್ಯೂಷನ್ ಸಾಬೀತು ಮಾಡ್ಬೇಕಾಗಿದ್ದು ತುಂಬ ಇದೆ. ಆ ವ್ಯಕ್ತಿ ಸಿಐಎ ನಂಟು ರಹಸ್ಯ ಅಂತ ವರ್ಗೀಕರಣ ಆಗಿರ್ಬೇಕು, ಅವ್ರು ವಿದೇಶದಲ್ಲಿ ಸೇವೆಲಿರ್ಬೇಕು ಇಲ್ಲ ಹಿಂದಿನ 5 ವರ್ಷದೊಳಗೆ ಇದ್ದಿರ್ಬೇಕು, ಸರ್ಕಾರ ಆ ನಂಟು ಮುಚ್ಚಿಡೋಕೆ ನಿಜವಾಗ್ಲೂ ಕ್ರಮ ತಗೊಂಡಿರ್ಬೇಕು, ಹೇಳಿದವನು ಅಧಿಕೃತವಾಗಿ ಗುಪ್ತ ಮಾಹಿತಿ ಸಿಗೋ ಜಾಗದಲ್ಲಿ ಕೂತಿರ್ಬೇಕು, ಇಷ್ಟೆಲ್ಲ ಆದ್ಮೇಲೂ ಅವನು ಇದನ್ನೆಲ್ಲ ಗೊತ್ತಿದ್ದೇ, ಬೇಕಂತಲೇ ಹೇಳಿರ್ಬೇಕು. ಆ ಕೊನೇದೊಂದು ಇಲ್ಲ ಅಂದ್ರೆ ಉಳಿದಿದ್ದೆಲ್ಲ ಇದ್ರೂ ಕೇಸ್ ನಿಲ್ಲಲ್ಲ.

ಆರ್ಮಿಟೇಜ್ ಬಚಾವಾಗಿದ್ದು ಅಲ್ಲೇ. ಅವ್ರಿಗೆ ಪ್ಲೇಮ್ ವಿಷಯ ಸಿಕ್ಕಿದ್ದು ಇಲಾಖೆಯೊಳಗಿನ ಒಂದು ಮೆಮೊದಿಂದ. ಅದರಲ್ಲಿ ವಿಲ್ಸನ್ ಹೆಂಡ್ತಿ ಅಂತ ಬರೆದಿತ್ತು, ಪ್ಯಾರಾ ಮುಂದೆ ಸೀಕ್ರೆಟ್ ಅಂತ ಗುರುತೂ ಇತ್ತು, ಆದ್ರೆ ಆಕೆ ಕೋವರ್ಟ್, ಅಂದ್ರೆ ಗುರುತು ಮುಚ್ಚಿಟ್ಟ ಗುಪ್ತ ಏಜೆಂಟ್, ಅಂತ ಎಲ್ಲೂ ಇರ್ಲಿಲ್ಲ. ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಕೋವರ್ಟ್ ಏಜೆಂಟ್ ಹೆಸರು ಮೆಮೊಲಿ ಬರೆದಿದ್ದನ್ನ ನಾನು ನೋಡೇ ಇಲ್ಲ ಅಂತ ಅವ್ರು ಆಮೇಲೆ ಹೇಳಿದ್ರು. ಉಡಾಫೆ ಅನ್ನಿ, ಹೊಣೆಗೇಡಿತನ ಅನ್ನಿ, ಒಪ್ತೀನಿ, ಈ ಕಾಯ್ದೆಲಿ ಉಡಾಫೆಗೆ ಸೆಕ್ಷನ್ ಇಲ್ಲ.

ಪತ್ರಕರ್ತರಿಗೆ ಇನ್ನೊಂದು ಕಲಂ ಇದೆ. ಹೊರಗಿನವನು ಸಿಕ್ಕಿಬೀಳ್ಬೇಕಂದ್ರೆ ಹೆಸರು ಬಯಲು ಮಾಡೋದನ್ನೇ ಒಂದು ಚಾಳಿಯಾಗಿ, ಅಮೆರಿಕದ ಬೇಹುಗಾರಿಕೆಗೆ ಧಕ್ಕೆ ಆಗುತ್ತೆ ಅಂತ ಗೊತ್ತಾಗೋ ಹಾಗೆ ಮಾಡ್ತಿರ್ಬೇಕು. ಒಂದು ಅಂಕಣದಲ್ಲಿ ಒಂದು ಹೆಸರು ಬರೆದ ನೊವಾಕ್ ಇದರೊಳಗೆ ಬರೋದೇ ಇಲ್ಲ. ಆಗ ಇದ್ದ ಗರಿಷ್ಠ ಶಿಕ್ಷೆ ಅಧಿಕಾರಿಗೆ 10 ವರ್ಷ, ಹೊರಗಿನವನಿಗೆ 3.

ತುಂಗಾತೀರ:

ಥ್ಯಾಂಕ್ಸ್ ಸರ್, ಏಜೀ ಕಥೆ ಗೊತ್ತೇ ಇರ್ಲಿಲ್ಲ. ಆದ್ರೆ ನಂಗೆ ಗೊತ್ತಿರ್ಲಿಲ್ಲ ಅಂತ ಒಂದು ಮಾತು ಅಂದ್ಬಿಟ್ರೆ ಆಯ್ತಾ? ಅಷ್ಟು ದೊಡ್ಡ ಹುದ್ದೆಲಿ ಕೂತು, ಸೀಕ್ರೆಟ್ ಅಂತ ಗುರುತಿರೋ ಮೆಮೊ ಓದಿ, ಹರಟೆಲಿ ಹೇಳ್ಬಿಟ್ಟೆ ಅಂದ್ರೆ ಬಿಟ್ಬಿಡ್ತಾರಾ? ಇನ್ನೊಂದು, ನೊವಾಕ್ ಆ ಹೆಸರನ್ನ ಹೂಸ್ ಹೂ ಅನ್ನೋ ಡೈರೆಕ್ಟರಿಲಿ ನೋಡ್ಕೊಂಡಿದ್ದು ಅಂತಾರೆ, ಡೈರೆಕ್ಟರಿಲಿ ಇದ್ದ ಹೆಸರು ಅದ್ಹೇಗೆ ಗುಟ್ಟು?

ಸಂಪಿಗೆ:

ಎರಡನೇದಕ್ಕೆ ನಾನು ಹೇಳ್ತೀನಿ. ಡೈರೆಕ್ಟರಿಲಿ ಇದ್ದಿದ್ದು ಜೋಸೆಫ್ ವಿಲ್ಸನ್ ಹೆಂಡ್ತಿ ಹೆಸರು ವ್ಯಾಲೆರಿ ಪ್ಲೇಮ್ ಅಂತ ಅಷ್ಟೇ. ಆಕೆಗೆ ಮದುವೆ ಆಗಿದೆ ಅನ್ನೋದು ಯಾವತ್ತೂ ಗುಟ್ಟಾಗಿರ್ಲಿಲ್ವಲ್ಲ! ಅಕ್ಕಪಕ್ಕದ ಮನೆಯವ್ರಿಗೆ ಆಕೆ ಎನರ್ಜಿ ಕನ್ಸಲ್ಟೆಂಟ್. ಕಾಯ್ದೆ ಕಾಪಾಡೋದು ಹೆಸರನ್ನಲ್ಲ, ಆ ಹೆಸರಿಗೂ ಸಂಸ್ಥೆಗೂ ಇರೋ ನಂಟನ್ನ. ಆರ್ಮಿಟೇಜ್ ವಿಲ್ಸನ್ ಹೆಂಡ್ತಿ ಏಜೆನ್ಸಿಲಿದಾಳೆ ಅಂದ್ರು, ಅಷ್ಟರಲ್ಲೇ ಕೆಲಸ ಕೆಟ್ಟಿತ್ತು.

ಒಬ್ರ ಹೆಸರು ಹೊರಗೆ ಬಂದ್ರೆ ಅಲ್ಲಿಗೇ ನಿಲ್ಲಲ್ಲ ಅನ್ನೋದನ್ನ ಜನ ಮರೀತಾರೆ. ಪ್ಲೇಮ್ 1999ರಲ್ಲಿ ಅಲ್ ಗೋರ್ ಪ್ರಚಾರಕ್ಕೆ 1000 ಡಾಲರ್ ದೇಣಿಗೆ ಕೊಟ್ಟಾಗ ನಾನು ಕೆಲಸ ಮಾಡೋದು ಬ್ರೂಸ್ಟರ್ ಜೆನ್ನಿಂಗ್ಸ್ ಅಂಡ್ ಅಸೋಸಿಯೇಟ್ಸಲ್ಲಿ ಅಂತ ಬರೆಸಿದ್ರು, ಅದು ಚುನಾವಣಾ ಆಯೋಗದ ದಾಖಲೆಲಿ ಹಂಗೇ ಇತ್ತು. ನೊವಾಕ್ ಅಂಕಣ ಬಂದ್ಮೇಲೆ ಪತ್ರಕರ್ತರು ಆ ದಾಖಲೆ ತೆಗೆದ್ರು, ನೊವಾಕ್ ಅವ್ರೇ ಟಿವಿಲಿ ಕಂಪನಿ ಹೆಸರೂ ಹೇಳಿದ್ರು. ಅದು ಸಿಐಎ ನಡೆಸ್ತಿದ್ದ ಬರೀ ಹೆಸರಿನ ಕಂಪನಿ. ಅದೇ ಹೆಸರಿನ ಬಿಸಿನೆಸ್ ಕಾರ್ಡ್ ಇಟ್ಕೊಂಡು ಹೊರದೇಶದಲ್ಲಿ ಓಡಾಡಿದ ಇನ್ಯಾರಾದ್ರೂ ಇದ್ರೆ ಅವರ ಗತಿ? ಅವರ ಜೊತೆ ಕೂತು ಊಟ ಮಾಡಿದ ಆ ದೇಶದ ಮನುಷ್ಯನ ಗತಿ? ಅವನಿಗೆ ಅಮೆರಿಕದ ಯಾವ ಕಾಯ್ದೆನೂ ಅಡ್ಡ ಬರಲ್ಲ.

ಮೇರಿಲ್ಯಾಂಡ್ ಮಾವ:

ಈ ಕೇಸ್ ನಡೀವಾಗ ನಾನು ಇಲ್ಲೇ ಇದ್ದೆ, ದಿನಾ ಬೆಳಿಗ್ಗೆ ಪೇಪರಲ್ಲಿ ಅದೇ, ಆಫೀಸಲ್ಲಿ ಊಟಕ್ಕೆ ಕೂತ್ರೂ ಅದೇ. ಲಿಬ್ಬಿ ವಿಷಯ ಹೇಳ್ತೀನಿ ಕೇಳಿ, ಯಾಕಂದ್ರೆ ಎಲ್ರೂ ಅವನಿಗೆ ಲೀಕ್ ಮಾಡಿದ್ದಕ್ಕೆ ಶಿಕ್ಷೆ ಆಯ್ತು ಅಂದ್ಕೊಂಡಿದಾರೆ.

ಲಿಬ್ಬಿ ಉಪಾಧ್ಯಕ್ಷ ಡಿಕ್ ಚೆನಿಗೆ ಚೀಫ್ ಆಫ್ ಸ್ಟಾಫ್. ವಿಲ್ಸನ್ ಲೇಖನ ಬಂದ ದಿನ ಚೆನಿ ಆ ಪೇಪರ್ ಕತ್ತರಿಸಿಟ್ಕೊಂಡು ಅದರ ಮೇಲ್ಗಡೆ ಅಂಚಲ್ಲಿ ಪೆನ್ನಲ್ಲಿ ಪ್ರಶ್ನೆ ಬರೆದಿದ್ರು, ಹಿಂದೆ ಯಾವತ್ತಾದ್ರೂ ಹಿಂಗೆ ರಾಯಭಾರಿ ಕಳಿಸಿದ್ದಿದ್ಯಾ, ಇಲ್ಲ ಅವನ ಹೆಂಡ್ತಿನೇ ಪುಕ್ಕಟೆ ಪ್ರವಾಸಕ್ಕೆ ಕಳಿಸಿದ್ಲಾ ಅಂತ. ಆ ಕಟಿಂಗ್ ಕೋರ್ಟಿಗೆ ಬಂತು. ಲಿಬ್ಬಿ ಸ್ವಂತ ಕೈಬರಹದ ನೋಟ್ಸೂ ಬಂತು, ಅದರ ಪ್ರಕಾರ ಜೂನ್ 12ರ ಹೊತ್ತಿಗೇ ಚೆನಿ ಅವನಿಗೆ ವಿಲ್ಸನ್ ಹೆಂಡ್ತಿ ಸಿಐಎಲಿದಾಳೆ ಅಂತ ಹೇಳಿದ್ರು. ಆದ್ರೆ ಎಫ್‌ಬಿಐ ಮುಂದೆ, ಆಮೇಲೆ 2004 ಮಾರ್ಚಲ್ಲಿ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸ್ಬೇಕಾ ಬೇಡ್ವಾ ಅಂತ ತೀರ್ಮಾನಿಸೋ ನಾಗರಿಕರ ಮಂಡಳಿ) ಮುಂದೆ ಪ್ರಮಾಣ ಮಾಡಿ ಇವನು ಹೇಳಿದ್ದೇನು? ಜುಲೈ ಎರಡನೇ ವಾರ ಎನ್‌ಬಿಸಿ ಟಿವಿಯ ಟಿಮ್ ರಸರ್ಟ್ ಫೋನಲ್ಲಿ ಹೇಳಿದ್ರು, ನಂಗೆ ಹೊಸ ವಿಷಯ ಕೇಳ್ದಂಗಾಗಿ ಆಶ್ಚರ್ಯ ಆಯ್ತು ಅಂತ. ರಸರ್ಟ್ ಕೋರ್ಟಿಗೆ ಬಂದು ಆ ಮಾತೇ ಆಗಿಲ್ಲ ಅಂದ್ರು. ಮುಗೀತಲ್ಲ.

ಸ್ಪೆಷಲ್ ಪ್ರಾಸಿಕ್ಯೂಟರ್ ಪ್ಯಾಟ್ರಿಕ್ ಫಿಟ್ಜೆರಾಲ್ಡ್ 2005 ಅಕ್ಟೋಬರ್ 28ಕ್ಕೆ 5 ಆರೋಪ ಹೊರಿಸಿದ್ರು, ಒಂದು ತನಿಖೆಗೆ ಅಡ್ಡಿ, ಎರಡು ಸುಳ್ಳು ಸಾಕ್ಷಿ, ಎರಡು ಸುಳ್ಳು ಹೇಳಿಕೆ. ಒಂದರಲ್ಲೂ ಲೀಕ್ ಇಲ್ಲ ನೋಡಿ. ಯಾಕೆ ಅಂತ ಅವತ್ತು ಪ್ರೆಸ್‌ಮೀಟಲ್ಲಿ ಅವ್ರು ಬೇಸ್‌ಬಾಲ್ ಅಂಪೈರ್ ಉದಾಹರಣೆ ಕೊಟ್ರು, ಬಾಲು ಬ್ಯಾಟ್ಸ್‌ಮನ್ ತಲೆಗೆ ಬಿದ್ದಿದ್ದು ಬೇಕಂತಲಾ ಕೈತಪ್ಪಿನಾ ಅಂತ ಅಂಪೈರ್ ನೋಡೋ ಹೊತ್ತಿಗೆ ಯಾರೋ ಕಣ್ಣಿಗೆ ಮಣ್ಣೆರಚಿದ್ರೆ ಅವನು ತೀರ್ಪು ಕೊಡೋದು ಹೆಂಗೆ ಅಂತ. ಕರಿಕೋಟು ಅವ್ರು ಹೇಳಿದ ಆ 'ಗೊತ್ತಿದ್ದೇ' ಅನ್ನೋದಿದ್ಯಲ್ಲ, ಅದು ಗೊತ್ತಾಗ್ಬೇಕಂದ್ರೆ ಯಾರು ಯಾರಿಗೆ ಯಾವಾಗ ಯಾಕೆ ಹೇಳಿದ್ರು ಅನ್ನೋದು ನೆಟ್ಟಗೆ ಸಿಗ್ಬೇಕು, ಲಿಬ್ಬಿ ಅದಕ್ಕೇ ಕಲ್ಲು ಹಾಕಿದ್ದು. 2007 ಮಾರ್ಚ್ 6ಕ್ಕೆ 4 ಆರೋಪದಲ್ಲಿ ದೋಷಿ, ಜಡ್ಜ್ ರೆಗ್ಗಿ ವಾಲ್ಟನ್ 30 ತಿಂಗಳು ಜೈಲು, 2,50,000 ಡಾಲರ್ ದಂಡ ಅಂದ್ರು. ಜೈಲಿಗೆ ಹೋಗೋಕೆ ಮುಂಚೆನೇ ಜುಲೈ 2ಕ್ಕೆ ಬುಷ್ ಜೈಲುಶಿಕ್ಷೆ ಪೂರ್ತಿ ತೆಗೆದ್ರು. ಲೀಕ್ ಮಾಡಿದವ್ರನ್ನ ಕೆಲಸದಿಂದ ತೆಗೀತೀರಾ ಅಂತ 2004ರಲ್ಲಿ ಕೇಳಿದಾಗ ಹೌದು ಅಂದಿದ್ದ ಅದೇ ಬುಷ್. 2018ರಲ್ಲಿ ಟ್ರಂಪ್ ಬಂದು ಪೂರ್ತಿ ಕ್ಷಮಾದಾನನೇ ಕೊಟ್ರು.

ಮಿಲ್ಲರ್ ಜೈಲಿನ ವಿಷಯ ಬೇರೆ, ಅದು ಅಪರಾಧಕ್ಕೆ ಶಿಕ್ಷೆ ಅಲ್ಲ. ಮೂಲ ಯಾರು ಅಂತ ಗ್ರ್ಯಾಂಡ್ ಜ್ಯೂರಿಗೆ ಹೇಳು ಅಂದ್ರೆ ಹೇಳಲ್ಲ ಅಂದ್ರು, ನ್ಯಾಯಾಂಗ ನಿಂದನೆ ಅಂತ ಒಳಗೆ ಹಾಕಿದ್ರು, ಹೇಳ್ತೀನಿ ಅಂದ ದಿನ ಬಿಡ್ತಾರೆ. ಪತ್ರಕರ್ತರಿಗೆ ಗ್ರ್ಯಾಂಡ್ ಜ್ಯೂರಿ ಮುಂದೆ ಬಾಯಿ ಮುಚ್ಕೊಂಡಿರೋ ಹಕ್ಕು ಸಂವಿಧಾನದಲ್ಲಿಲ್ಲ ಅಂತ ಸುಪ್ರೀಂ ಕೋರ್ಟಿನ 1972ರ ಬ್ರಾಂಜ್‌ಬರ್ಗ್ ತೀರ್ಪಲ್ಲೇ ಆಗೋಗಿದೆ. ಆಕೆ ಒಳಗಿದ್ದಾಗ ಲಿಬ್ಬಿ ಒಂದು ಪತ್ರ ಬರೆದಿದ್ದ, ನೀನು ರಜಕ್ಕೆ ಹೋಗೋ ಕಡೆ ಆಸ್ಪೆನ್ ಮರಗಳು ಬಣ್ಣ ತಿರುಗ್ತಿರ್ತವೆ, ಬೇರು ಒಂದೇ ಆಗಿರೋದ್ರಿಂದ ಒಟ್ಟೊಟ್ಟಿಗೇ ತಿರುಗ್ತವೆ ಅಂತ. ಅದು ಕವಿತೆನಾ ಸಂಕೇತನಾ ಅಂತ ಇಲ್ಲಿ ಜನ ವಾರಗಟ್ಲೆ ಜಗಳ ಆಡಿದ್ರು. ಹೊರಗೆ ಬಂದು ಸಾಕ್ಷಿ ಹೇಳೋ ಹೊತ್ತಲ್ಲಿ ಆಕೆ ನೋಟ್‌ಬುಕ್ಕಲ್ಲಿ ಸಿಕ್ಕಿದ್ದು 'ವ್ಯಾಲೆರಿ ಫ್ಲೇಮ್' ಅಂತ, ಅದನ್ನ ಯಾರು ಹೇಳಿದ್ದು ಅಂತ ನೆನಪಿಲ್ಲ ಅಂದ್ರು! ಇನ್ನು ನೊವಾಕ್ ಸದ್ದಿಲ್ಲದೆ ಫಿಟ್ಜೆರಾಲ್ಡ್ ಮುಂದೆ ಎಲ್ಲ ಹೇಳಿದ್ರು, ಅದಕ್ಕೇ ಮನೇಲಿ ಆರಾಮಾಗಿದ್ರು.

ಧಾರವಾಡ್ ಫೇಡೆ:

ಮಾವಾರ, ಒಂದ್ ಮಾತ್ ಕೇಳ್ರಿ. ಎಲ್ಲಾರೂ ಆಕಿ ಕೋವರ್ಟ್ ಇದ್ಲು ಅಂತ ಹಿಡಕೊಂಡ ಮಾತಾಡಾಕ ಹತ್ತೀರಿ, ಅದ ಮೊದಲ ಸಾಬೀತ ಆಗಬೇಕಲ್ಲರೀ? ಆಕಿ 1997ಕ್ಕನ ವಾಪಸ್ ಬಂದು ಹೆಡ್ ಆಫೀಸ್‌ನ್ಯಾಗ ಕುಂತಿದ್ಲು. ಆ ಕಾಯ್ದೆ ಬರಿಯೂಮುಂದ ಇದ್ದ ವಿಕ್ಟೋರಿಯಾ ಟೆನ್ಸಿಂಗ್ ಅನ್ನೂ ವಕೀಲಿನೇ ಹೇಳ್ಯಾಳ, ವಿದೇಶದಾಗ ಸೇವಾ ಅಂದ್ರ ಅಲ್ಲಿ ಪೋಸ್ಟಿಂಗ್ ಇರಬೇಕು, ನಡುನಡುವ ಹೋಗಿ ಬಂದ್ರ ಅದು ಸೇವಾ ಆಗೂದಿಲ್ಲ ಅಂತ. ಮತ್ತ ಇನ್ನೊಂದು, ಆರ್ಮಿಟೇಜ್ 2003 ಅಕ್ಟೋಬರದಾಗನ ಎಫ್‌ಬಿಐ ಮುಂದ ಹೋಗಿ ನಾನ ಹೇಳಿದ್ದು ಅಂತ ಒಪ್ಪಿಕೊಂಡಿದ್ದ. ಫಿಟ್ಜೆರಾಲ್ಡ್ ಬಂದಿದ್ದು ಡಿಸೆಂಬರ್ ಕಡಿಗೆ. ಕಳ್ಳ ಯಾರಂತ ಗೊತ್ತಿದ್ದ ಮ್ಯಾಲೂ ಮುಂದ ಮೂರ್ ಮೂರೂವರಿ ವರ್ಷ ತನಿಖೆ, ಕೋರ್ಟ ಅಂತ ಎಳದು ಬೆಟ್ಟ ಅಗದು ಇಲಿ ಹಿಡಿದ್ರು. ಮೂಲ ಅಪರಾಧನ ಇಲ್ಲ ಅಂದಮ್ಯಾಲ ಸುಳ್ಳ ಹೇಳಿದ ಅಂತ ಒಬ್ಬಂವನ್ನ ಹಿಡದು ಜೈಲಿಗೆ ಹಾಕೂದು ನನಗಂತೂ ಸರಿ ಅನಸೂದಿಲ್ಲ.

ಮೇರಿಲ್ಯಾಂಡ್ ಮಾವ:

ಫೇಡೆ ಅವ್ರೇ, ಆರ್ಮಿಟೇಜ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದ್ರೆ ಹೇಳಿದವನು ಅವನೊಬ್ನೇ ಅಲ್ವಲ್ಲ. ಲಿಬ್ಬಿ ಮಿಲ್ಲರ್‌ಗೆ ಹೇಳಿದ್ದ, ರೋವ್ ಟೈಮ್ ಪತ್ರಿಕೆಯ ಮ್ಯಾಟ್ ಕೂಪರ್‌ಗೆ ಹೇಳಿದ್ದ, ಪ್ರೆಸ್ ಸೆಕ್ರೆಟರಿ ಆರಿ ಫ್ಲೈಷರ್ ಬೇರೆ ಇದ್ದ, ಅವನು ಕೇಸ್ ಹಾಕಲ್ಲ ಅಂತ ಭರವಸೆ ತಗೊಂಡೇ ಸಾಕ್ಷಿ ಹೇಳಿದ್ದು. ಆರ್ಮಿಟೇಜ್ ಬಾಯಿ ಸಡಿಲ ಬಿಟ್ಟ ಅಂದ ಮಾತ್ರಕ್ಕೆ ಉಳಿದವ್ರದ್ದು ಒಳಸಂಚಾ ಅಲ್ವಾ ಅಂತ ನೋಡ್ದೇ ಫೈಲ್ ಮುಚ್ಚೋಕಾಗುತ್ತಾ? ಅದೂ ಅಲ್ದೆ ಫಿಟ್ಜೆರಾಲ್ಡ್ ಬರೋ ಹೊತ್ತಿಗೆ ಲಿಬ್ಬಿ ಎಫ್‌ಬಿಐ ಮುಂದೆ ರಸರ್ಟ್ ಕಥೆ ಕಟ್ಟಿ ಆಗಿತ್ತು.

ಕೋವರ್ಟ್ ಹೌದೋ ಅಲ್ವೋ ಅನ್ನೋದಕ್ಕೆ, 2007ರಲ್ಲಿ ಫಿಟ್ಜೆರಾಲ್ಡ್ ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಹೌದು ಅಂತಲೇ ಇದೆ, ಹೆಡ್ ಆಫೀಸಿಗೆ ಬಂದ್ಮೇಲೂ ಕವರ್, ಅಂದ್ರೆ ಸುಳ್ಳು ಗುರುತು, ಇಟ್ಕೊಂಡು ಕನಿಷ್ಠ 7 ಸಲ, 10ಕ್ಕಿಂತ ಹೆಚ್ಚು ದೇಶಕ್ಕೆ ಹೋಗಿದ್ರು ಅಂತ. ಟೆನ್ಸಿಂಗ್ ಅರ್ಥ ಸರಿನಾ ಇವ್ರ ಅರ್ಥ ಸರಿನಾ ಅನ್ನೋದು ಯಾವ ಜ್ಯೂರಿ ಮುಂದೂ ಹೋಗ್ಲೇ ಇಲ್ಲ, ಆ ಸೆಕ್ಷನ್ನೇ ಹಾಕಿರ್ಲಿಲ್ವಲ್ಲ.

ಕರಿಕೋಟು:

ಫೇಡೆ ಸರ್ ವಾದ ಈಗಿನ ಕೇಸಿಗೆ ನಡೆಯಲ್ಲ, ಅದೊಂದು ಗೊತ್ತಿರ್ಲಿ. 2019ರ ಕೊನೆಗೆ ಕಾಯ್ದೆ ತಿದ್ದಿ ವಿದೇಶದಲ್ಲಿರ್ಬೇಕು, 5 ವರ್ಷ ಅನ್ನೋ ಷರತ್ತನ್ನೇ ಕಿತ್ತು ಹಾಕಿದಾರೆ. ಶಿಕ್ಷೆ ಅದಕ್ಕೂ ಮುಂಚೆನೇ 15 ವರ್ಷಕ್ಕೆ ಏರಿತ್ತು.

ಸಿವಿಲ್ ಕೇಸ್ ಬಗ್ಗೆ ಯಾರೂ ಹೇಳ್ಲಿಲ್ಲ, ನನ್ನ ಪ್ರಕಾರ ಅನ್ಯಾಯ ಅಂತ ಅನ್ಸೋದು ಅಲ್ಲಿ. ಪ್ಲೇಮ್, ವಿಲ್ಸನ್ 2006ರಲ್ಲಿ ಚೆನಿ, ಲಿಬ್ಬಿ, ರೋವ್ ಮೇಲೆ ನಷ್ಟಪರಿಹಾರಕ್ಕೆ ದಾವೆ ಹೂಡಿದ್ರು, ಆಮೇಲೆ ಆರ್ಮಿಟೇಜನ್ನೂ ಸೇರಿಸಿದ್ರು. ಜಡ್ಜ್ ಜಾನ್ ಬೇಟ್ಸ್ 2007ರಲ್ಲಿ ವಜಾ ಮಾಡಿದ್ರು. ಟೀಕೆ ಮಾಡಿದವರಿಗೆ ಪತ್ರಕರ್ತರ ಮೂಲಕ ಉತ್ತರ ಕೊಡೋದು ಇಂಥ ಅಧಿಕಾರಿಗಳ ಕೆಲಸದೊಳಗೇ ಬರುತ್ತೆ, ಹಾಗಾಗಿ ದಾವೆ ವ್ಯಕ್ತಿ ಮೇಲಲ್ಲ ಸರ್ಕಾರದ ಮೇಲೆ, ಸರ್ಕಾರದ ಮೇಲಾದ್ರೆ ಮೊದ್ಲು ಇಲಾಖೆಗೆ ಅರ್ಜಿ ಹಾಕ್ಬೇಕಿತ್ತು, ಹಾಕಿಲ್ಲ. ಖಾಸಗಿತನದ ಕಾಯ್ದೆ ಇದ್ಯಲ್ಲ ಅಂದ್ರೆ ಅದು ಅಧ್ಯಕ್ಷರ, ಉಪಾಧ್ಯಕ್ಷರ ಕಚೇರಿಗೆ ಅನ್ವಯ ಆಗಲ್ಲ. 2008ರಲ್ಲಿ ಮೇಲ್ಮನವಿಲೂ ಸೋತ್ರು, 2009ರಲ್ಲಿ ಸುಪ್ರೀಂ ಕೋರ್ಟ್ ಕೇಳೋಕೂ ಒಪ್ಪಲಿಲ್ಲ. ಹೆಸರು ಹೋಯ್ತು, ಕೆಲಸ ಹೋಯ್ತು, ಕೋರ್ಟಲ್ಲಿ ಬಿಡಿಗಾಸು ಇಲ್ಲ.

ಸಂಪಿಗೆ:

ಕಾಯ್ದೆ ಯಾರಿಗೂ ತಗುಲೇ ಇಲ್ಲ ಅಂತ ಅಂದ್ಕೊಳ್ಬೇಡಿ. ಮೊದಲ ಸಲ ಸಿಕ್ಕಿಬಿದ್ದಿದ್ದು 1985ರಲ್ಲಿ ಶರಾನ್ ಸ್ಕ್ರಾನೇಜ್, ಘಾನಾದಲ್ಲಿ ಸಿಐಎ ಗುಮಾಸ್ತೆ, ಅಲ್ಲಿನ ಅಧ್ಯಕ್ಷ ರಾಲಿಂಗ್ಸ್ ಬಂಧು ಒಬ್ಬನ ಪ್ರೀತಿಲಿ ಬಿದ್ದು ಅವನಿಗೆ ಹೆಸರು ಹೇಳಿದ್ಲು. ಆಮೇಲೆ ಜಾನ್ ಕಿರಿಯಾಕು. ಸಿಐಎಲಿದ್ದು ಬಿಟ್ಟು ಬಂದವ್ರು, ವಾಟರ್‌ಬೋರ್ಡಿಂಗ್ (ಮುಖದ ಮೇಲೆ ನೀರು ಸುರಿದು ಉಸಿರುಗಟ್ಟಿಸೋ ಚಿತ್ರಹಿಂಸೆ) ಬಗ್ಗೆ 2007ರಲ್ಲಿ ಟಿವಿಲಿ ಬಾಯ್ಬಿಟ್ಟವ್ರು. ಒಬ್ಬ ಪತ್ರಕರ್ತನಿಗೆ ಒಬ್ಬ ಅಧಿಕಾರಿ ಹೆಸರು ಹೇಳಿದ್ರು, ಆ ಪತ್ರಕರ್ತ ಅದನ್ನ ಛಾಪಿಸ್ಲೂ ಇಲ್ಲ. 2012ರಲ್ಲಿ ತಪ್ಪೊಪ್ಪಿಕೊಂಡ್ರು, 30 ತಿಂಗಳು. ಲಿಬ್ಬಿಗೆ ಕೊಟ್ಟಷ್ಟೇ! ಒಂದೇ ವ್ಯತ್ಯಾಸ, ಇವ್ರು ಪೆನ್ಸಿಲ್ವೇನಿಯಾದ ಜೈಲಲ್ಲಿ ಹೋಗಿ ಕೂತ್ರು.

ಇನ್ನೊಂದು ಕೇಳಿ. 2014 ಮೇನಲ್ಲಿ ಒಬಾಮ ಅಫ್ಘಾನಿಸ್ತಾನದ ಬಗ್ರಾಮ್‌ಗೆ ಹೋದಾಗ ಅವ್ರಿಗೆ ಬ್ರೀಫಿಂಗ್ ಕೊಟ್ಟವರ ಪಟ್ಟಿಲಿ ಕಾಬೂಲ್ ಸ್ಟೇಷನ್ ಚೀಫ್ ಅಂತ ಹುದ್ದೆ ಸಮೇತ ಹೆಸರು ಬರೆದು ವೈಟ್ ಹೌಸ್ ಪ್ರೆಸ್ ಆಫೀಸೇ ಸಾವಿರಾರು ಪತ್ರಕರ್ತರಿಗೆ ಮೇಲ್ ಕಳಿಸ್ಬಿಡ್ತು. ಹೆಸರು ತೆಗೆದು ಇನ್ನೊಂದು ಪಟ್ಟಿ ಕಳಿಸಿದ್ರು, ವಿಚಾರಣೆ ಅಂದ್ರು, ಯಾರ ಮೇಲೂ ಕೇಸಿಲ್ಲ. ಕರಿಕೋಟು ಸರ್ ಹೇಳೋ ಹಾಗೆ ಬೇಕಂತ ಮಾಡಿದ್ದಲ್ಲ, ಸರಿ. ಆದ್ರೆ ಕೆಳಗಿನವನು ಮಾಡಿದ್ರೆ ಬೇಕಂತ, ಮೇಲಿನವನು ಮಾಡಿದ್ರೆ ಕೈತಪ್ಪಿ ಅಂತ ಪ್ರತಿಸಲ ಆಗೋದು ನೋಡಿದ್ರೆ ನಂಗೆ ನಂಬಿಕೆ ಬರಲ್ಲ.

ತುಂಗಾತೀರ:

ಅಬ್ಬಾ ಎಷ್ಟೊಂದಿದೆ. ಎಲ್ರಿಗೂ ಥ್ಯಾಂಕ್ಸ್. ಕೊನೇದಾಗಿ ಒಂದು, ನಮ್ಮಲ್ಲಿ ರಾ, ಐಬಿ ಅವರ ಹೆಸರು ಹಿಂಗೆ ಹೊರಗೆ ಬಂದ್ರೆ ಯಾವ ಕಾಯ್ದೆ? ಉದಾಹರಣೆಗೆ ಒಬ್ಬ ಮಂತ್ರಿ ಪ್ರೆಸ್‌ಮೀಟಲ್ಲಿ ಹೇಳ್ಬಿಟ್ರೆ?

ಕರಿಕೋಟು:

ಪ್ಲೇಮ್ ಕೇಸಿನ ಥರ ಏಜೆಂಟ್ ಗುರುತಿಗೇ ಅಂತ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಗುಪ್ತಚರ ಸಂಸ್ಥೆ ನೌಕರರಿಗೆ 1985ರ ಒಂದು ಕಾಯ್ದೆ ಇದೆ, ಸಂಘ ಕಟ್ಟಂಗಿಲ್ಲ, ಪತ್ರಿಕೆ ಜೊತೆ ಮಾತಾಡಂಗಿಲ್ಲ ಅಂತ, 2 ವರ್ಷದವರೆಗೆ ಶಿಕ್ಷೆ. ನಿವೃತ್ತಿ ಆದವರು ಅನುಮತಿ ಇಲ್ದೆ ಬರೆದ್ರೆ ಪಿಂಚಣಿಗೆ ಕತ್ತರಿ ಬೀಳೋ ಹಾಗೆ 2021ರಲ್ಲಿ ನಿಯಮ ಬಿಗಿ ಮಾಡಿದ್ರು. ಉಳಿದಿದ್ದಕ್ಕೆಲ್ಲ 1923ರ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟೇ ಗತಿ. ರಾದಲ್ಲಿದ್ದ ಮೇಜರ್ ಜನರಲ್ ವಿ.ಕೆ. ಸಿಂಗ್ ಪುಸ್ತಕ ಬರೆದಾಗ 2007ರಲ್ಲಿ ಸಿಬಿಐ ಹಾಕಿದ್ದು ಅದನ್ನೇ (ಸೇನಾ ಮುಖ್ಯಸ್ಥರಾಗಿದ್ರಲ್ಲ, ಅವರಲ್ಲ, ಇವ್ರು ಬೇರೆ).

ಮಂತ್ರಿ ನೌಕರ ಅಲ್ಲ, ಹಾಗಾಗಿ 1985ರದ್ದು ತಗುಲಲ್ಲ. ಸೀಕ್ರೆಟ್ಸ್ ಆಕ್ಟಿನ 5ನೇ ಸೆಕ್ಷನ್ ಹಾಕ್ಬಹುದು, 3 ವರ್ಷದವರೆಗೆ. ಆದ್ರೆ ಅದೇ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ, ಸರ್ಕಾರದ ಆದೇಶದಿಂದ ಇಲ್ಲ ಅದರ ಅಧಿಕಾರ ಪಡೆದು ದೂರು ಕೊಡದ ಹೊರತು ಯಾವ ಕೋರ್ಟೂ ಕೇಸ್ ಕೈಗೆತ್ತಿಕೊಳ್ಳೋ ಹಾಗಿಲ್ಲ. ಆ ಮಂತ್ರಿ ಕೂತಿರೋ ಸರ್ಕಾರನೇ ಅವರ ಮೇಲೆ ದೂರು ಕೊಡ್ಬೇಕು.